ಹಳೇ ನೀರು ಚೆಲ್ಲುವ ಅಕ್ಕೋರು

ನಮ್ಮ ಓಣಿಯಲ್ಲಿ ನೀರಿಗೆ ವಯಸ್ಸಾಗುತ್ತದೆ. ನಳದಿಂದ ಬಿದ್ದ ದಿನ ಅದು ಹೊಸ ನೀರು. ಮರುದಿನವೂ ಪರವಾಗಿಲ್ಲ, ಅದರ ಮರುದಿನವೂ ನಡೆಯುತ್ತದೆ. ಮುಂದಿನ ಸರದಿ ಬಂದು ನಳ ಒಮ್ಮೆ ಕೆಮ್ಮಿತೆಂದರೆ ಮುಗಿಯಿತು, ಮನೆಯಲ್ಲಿದ್ದುದೆಲ್ಲ ಆ ಕ್ಷಣಕ್ಕೆ ಹಳೇ ನೀರು. ಹಳೇ ನೀರನ್ನು ಏನು ಮಾಡುತ್ತಾರೆ? ಚೆಲ್ಲುತ್ತಾರೆ. ಕೊಡ, ಹಂಡೆ, ಬ್ಯಾರಲ್, ಬಚ್ಚಲ ಪಕ್ಕದ ಹೌದವೆಂಬ ಸಿಮೆಂಟಿನ ತೊಟ್ಟಿ, ಎಲ್ಲವನ್ನೂ ಬರಿದು ಮಾಡಿ, ತಿಕ್ಕಿ ತೊಳೆದು, ಹೊಸದನ್ನು ತುಂಬಿ, ಉಸ್ಸಪ್ಪಾ ಎಂದು ಕಟ್ಟೆಯ ಮೇಲೆ ಕೂರುತ್ತಾರೆ. ಸವಣೂರಿನ ನಮ್ಮ ಓಣಿಯಲ್ಲಿ ಈ ಶಾಸ್ತ್ರವನ್ನು ಮೊದಲು ಯಾರು ಶುರು ಮಾಡಿದರೋ ಗೊತ್ತಿಲ್ಲ. ಅದನ್ನು ಬಿಡದೆ ನಡೆಸಿಕೊಂಡು ಬಂದವರಲ್ಲಿ ನಾನೇ ಮುಂದು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು, ಓಣಿಯವರ ಬಾಯಲ್ಲಿ ಅಕ್ಕೋರು. ಶಿಗ್ಗಾಂವಿ ತಾಲೂಕಿನ ಹಳ್ಳಿಗಳಲ್ಲಿ, ಆಮೇಲೆ ಸವಣೂರಿನಲ್ಲಿ, ನಿವೃತ್ತಿಯಾಗುವ ತನಕ ಮಕ್ಕಳಿಗೆ ನೀರಿನ ಮಹತ್ವ ಹೇಳಿಕೊಟ್ಟಿದ್ದೇನೆ. ಸೋರುವ ನಳಕ್ಕೆ ಕಣ್ಣು ಮೂಗು ಬರೆದು, ಅದು ಅಳುತ್ತಿರುವ ಹಾಗೆ ಚಿತ್ರ ಬಿಡಿಸಿದವರಿಗೆ ಪೆನ್ಸಿಲ್ ಬಹುಮಾನ ಕೊಟ್ಟಿದ್ದೇನೆ. ಅದೇ ನಾನು, ನಳದ ಸರದಿಯ ದಿನ ಶಾಲೆಗೆ ಹೊರಡುವ ಮೊದಲು, ಸೀರೆ ಎತ್ತಿ ಕಟ್ಟಿ ಹೌದದ ತಳದ ಬಿರಡೆ ಕಿತ್ತು ಹಾಕುತ್ತಿದ್ದೆ. ಒಂದೇ ಒಂದು ದಿನ ಮನಸ್ಸಿಗೆ ಚುಚ್ಚಲಿಲ್ಲ. ಹನಿಹನಿಯಾಗಿ ಪೋಲು ಮಾಡಬಾರದು ಎಂದಷ್ಟೇ ಪಾಠದಲ್ಲಿತ್ತು. ಹಂಡೆಗಟ್ಟಲೆ ಚೆಲ್ಲುವ ಬಗ್ಗೆ ಪಠ್ಯಪುಸ್ತಕದವರು ಏನೂ ಬರೆದಿರಲಿಲ್ಲ.

ನಮ್ಮ ಮನೆಯವರು ಹಾನಗಲ್ ಕಡೆಯವರು. ಭತ್ತದ ಗದ್ದೆಯ ನಡುವೆ ಬೆಳೆದ ಮನುಷ್ಯ, ಮಾತು ಕಡಿಮೆ. ಒಮ್ಮೆ ಮಾತ್ರ, ನಾನು ಬ್ಯಾರಲ್ ಬಗ್ಗಿಸುವುದನ್ನು ನೋಡುತ್ತ ನಿಂತು, ಭೂಮಿಯ ಹೊಟ್ಟೆಯೊಳಗೆ ಅಷ್ಟು ಕಾಲ ಇದ್ದು ಹಳೆಯದಾಗದ ನೀರು ನಿನ್ನ ಬ್ಯಾರಲಿನಲ್ಲಿ ಒಂದು ವಾರಕ್ಕೆ ಹೇಗೆ ಹಳೆಯದಾಯಿತು ಎಂದು ಕೇಳಿದರು. ಕೆಸರು ತುಳಿದು ಬೆಳೆದವರಿಗೆ ಸ್ವಚ್ಛತೆಯ ಗಂಧಗಾಳಿ ಇರುವುದಿಲ್ಲ ಎಂದು ನಾನು ಅಂದೆ. ಅವರು ಮತ್ತೆ ಪೇಪರಿನೊಳಗೆ ಮುಖ ಹುದುಗಿಸಿದರು. ವಾದದಲ್ಲಿ ಗೆದ್ದೆ ಎಂದು ಆ ದಿನವೆಲ್ಲ ನನಗೆ ಖುಷಿ.

ಓಣಿಯಲ್ಲಿ ಈ ಶಾಸ್ತ್ರಕ್ಕೆ ಸೇರದ ಮನೆ ಒಂದೇ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ, ಖಾರ ಮಾಡಿ ಮಾರುವ ಕುಟುಂಬ. ಆ ಮನೆಯ ಹಿರಿಯಳನ್ನು ನಾವೆಲ್ಲ ಆಪಾ ಎನ್ನುತ್ತೇವೆ. ಆಪಾ ಹಳೇ ನೀರು ಚೆಲ್ಲುವುದಿಲ್ಲ. ಕುಡಿಯುವುದಕ್ಕೆ ಬಟ್ಟೆಯಲ್ಲಿ ಸೋಸಿಟ್ಟುಕೊಂಡು, ಉಳಿದ ಪಾತ್ರೆಗಳಲ್ಲಿ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನೇ ಮೇಲಿನಿಂದ ತುಂಬಿ, ನಳ ಬಂದ್ ಮಾಡಿ ಒಳಗೆ ಹೋಗಿಬಿಡುತ್ತಾಳೆ. ಆಪಾನ ಮನೆಯ ಹರವಿಯಲ್ಲಿ ನವಾಬರ ಕಾಲದ ನೀರಿದೆ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದೆ. ಆಕೆಯ ಎದುರಿಗೂ ಹೇಳಿದ್ದೇನೆ. ಆಕೆಯೂ ನಕ್ಕಳು.

ಇನ್ನು ಮಗಳ ವಿಷಯಕ್ಕೆ ಬರುತ್ತೇನೆ. ನಮಗಿರುವವಳು ಒಬ್ಬಳೇ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೆ ಕೊಟ್ಟಿದ್ದೇವೆ, ಹೊಲ ಮನೆ ಇರುವ ಒಳ್ಳೆಯ ಜನ. ಅಳಿಯನ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ಆದರೆ ಬೀಗತಿ, ಎಂದರೆ ಅಳಿಯನ ತಾಯಿ, ನೀರಿನ ವಿಷಯದಲ್ಲಿ ಮಹಾ ಬಿಗಿ ಕೈ. ಮದುವೆಯ ಮಾತುಕತೆಗೆಂದು ಮೊದಲ ಸಲ ಅವರ ಮನೆಗೆ ಹೋದಾಗ, ಮುಖ ತೊಳೆಯಲು ನನಗೆ ಒಂದು ತಂಬಿಗೆ ಕೊಟ್ಟರು. ಒಂದೇ ತಂಬಿಗೆ! ನಾನು ಎರಡನೆಯದಕ್ಕೆ ಕೈ ಚಾಚಿದೆ. ಅವರು ಅಷ್ಟರಲ್ಲಿ ಟವೆಲು ಹಿಡಿದು ನಿಂತಿದ್ದರು. ನನ್ನ ಮಗಳು ಇಲ್ಲಿ ತಲೆಗೆ ಹೇಗೆ ನೀರು ಹಾಕಿಕೊಳ್ಳುತ್ತಾಳಪ್ಪಾ ಎಂದು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮನೆಯವರ ಕಿವಿ ಕಚ್ಚಿದ್ದೆ.

ಮಗಳು ಬಸಿರಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ತಾಯಿಯಾದವಳ ಹಕ್ಕು. ನಮ್ಮಲ್ಲಿ ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ, ಯಾರೂ ಇಲ್ಲ ಅನ್ನುವುದೂ ಇಲ್ಲ. ನಾನಂತೂ ಮೊದಲ ತಿಂಗಳಿನಿಂದಲೇ ಹಳೆಯ ಸೀರೆ ಹರಿದು ಕೂಸಿನ ಅರಿವೆ ಹೊಲಿಯತೊಡಗಿದ್ದೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಮಂಚ ಯಾವ ಗೋಡೆಗೆ ಹಾಕುವುದು ಎಂದು ಮೂರು ಸಲ ಜಗ್ಗಾಡಿಸಿ ನೋಡಿದ್ದೆ. ಅಂಥ ಹೊತ್ತಿನಲ್ಲಿ ಬೀಗತಿಯ ಫೋನು ಬಂತು. ಕ್ಷೇಮ ಸಮಾಚಾರವೆಲ್ಲ ಮುಗಿಸಿ, ಬಹಳ ಮೆತ್ತಗೆ ಹೇಳಿದರು:

"ಬಾಣಂತನಕ್ಕ ದಿನಾ ಹಂಡೆಗಟ್ಟಲೆ ನೀರು ಬೇಕಾಕ್ಕೈತ್ರಿ ಬೀಗರ. ನಿಮ್ಮಲ್ಲಿ ನಳಾ ವಾರಕ್ಕೊಮ್ಮಿ, ಅದೂ ಬಂದ್ರ ಬಂತು. ಬ್ಯಾಸರ ಮಾಡ್ಕೋಬ್ಯಾಡ್ರಿ, ಇಲ್ಲೇ ಮಾಡೂಣು ಅಂತ ನನ್ನ ಮನಸಿನ್ಯಾಗ ಐತಿ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ತಂಬಿಗೆಯಲ್ಲಿ ಮುಖ ತೊಳೆಸುವವರು ನನಗೆ ಹಂಡೆಯ ಲೆಕ್ಕ ಹೇಳುತ್ತಾರಲ್ಲ! ಸಿಟ್ಟು ಬಂದಾಗ ನನ್ನ ಬಾಯಿಗೆ ಕಡಿವಾಣ ಇರುವುದಿಲ್ಲ. ನಮ್ಮ ಮನೆಯಲ್ಲಿ ನೀರಿಗೇನೂ ಬರವಿಲ್ಲ, ಹೌದ ತುಂಬಿ ತುಳುಕುತ್ತಿರುತ್ತದೆ, ನಾವು ಹಳೇ ನೀರನ್ನು ಮುಟ್ಟುವುದೂ ಇಲ್ಲ, ಬೇಕಾದರೆ ಬಂದು ನೋಡಿರಿ ಎಂದುಬಿಟ್ಟೆ. ಬೀಗತಿ, ಆಗಲಿ, ತವರಿನ ಕುಬಸಕ್ಕೆ ಬಂದಾಗ ನೋಡುತ್ತೇನೆ, ನಿಮ್ಮಲ್ಲಿ ಅನುಕೂಲವಿದ್ದರೆ ಅವಳನ್ನು ಅಲ್ಲೇ ಬಿಟ್ಟು ಬರುತ್ತೇನೆ ಎಂದರು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಅಲ್ಲಿಗೆ ನನ್ನ ಬಾಣಂತನದ ಹಕ್ಕು ನನ್ನ ಹೌದದೊಳಗೆ ಬಿತ್ತು. ಬೀಳಿಸಿದವಳೂ ನಾನೇ.

ಕುಬಸದ ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನ ಬೀಗರು ಮಗಳನ್ನು ಕರೆದುಕೊಂಡು ಬರುವವರಿದ್ದರು. ಅದೇ ದಿನ ಬೆಳಿಗ್ಗೆ ನಮ್ಮ ಓಣಿಗೆ ನಳದ ಸರದಿ. ದೇವರೇ ನನ್ನ ಪರವಾಗಿ ನಿಂತು ದಿನ ಗೊತ್ತು ಮಾಡಿದ್ದಾನೆ ಎಂದುಕೊಂಡೆ. ಬೆಳಿಗ್ಗೆ ಹೊಸ ನೀರು, ಮಧ್ಯಾಹ್ನ ಬೀಗತಿ. ಹೌದದ ತಳದಲ್ಲಿ ಸೂಜಿ ಬಿದ್ದರೂ ಕಾಣಬೇಕು, ಅಂಥ ನೀರು ತೋರಿಸಬೇಕು. ಹಿಂದಿನ ವಾರದ ನೀರು ಇನ್ನೂ ಅರ್ಧಕ್ಕಿಂತ ಹೆಚ್ಚೇ ಇತ್ತು. ನಾನು ಬೀಗರಿಗಾಗಿ ಉಳಿಸಿದ್ದೆನೆಂದಲ್ಲ, ಮನೆಯಲ್ಲಿರುವವರು ನಾವಿಬ್ಬರೇ, ಖರ್ಚಾಗಿರಲಿಲ್ಲ ಅಷ್ಟೆ.

ಆ ಬೆಳಿಗ್ಗೆ ನಸುಕಿನಲ್ಲೇ ಎದ್ದು ಅಂಗಳದ ನಳದ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹೊತ್ತೇರಿದ ಮೇಲೆ ನಳ ಸುಂಯ್ ಎಂದಿತು. ಗೊರಗೊರ ಎಂದಿತು. ಅಂಗೈಯಗಲ ಕೆಂಪು ನೀರು ಉಗುಳಿತು. ಮೊದಲು ಕೆಂಪು ನೀರು ಬಂದು ಆಮೇಲೆ ತಿಳಿ ಬರುವುದು ಇಲ್ಲಿಯ ಪದ್ಧತಿ. ನನಗೆ ಅಷ್ಟೇ ಸಾಕಾಗಿತ್ತು. ಬಾಗಿಲಿಗೆ ಓಡಿ ಬಂದು, ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಆ ಹಳೆಯ ಗಂಟಲಿನಲ್ಲಿ ಕೂಗಿದೆ:

"ನಳಾ ಬಂದಾವ ನಳಾ! ಏಳ್ರಿ, ತುಂಬ್ಕೊಳ್ರಿ!"

ಓಣಿಯಲ್ಲಿ ನನ್ನ ಕೂಗಿಗೆ ಬೆಲೆಯಿದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಸುಳ್ಳಾದದ್ದಿಲ್ಲ. ಎಲ್ಲ ಮನೆಗಳ ಬಾಗಿಲು ತೆರೆದವು. ಕೊಡಗಳು ಬಗ್ಗಿದವು, ಹಂಡೆಗಳು ಉರುಳಿದವು, ಬ್ಯಾರಲುಗಳು ಅಡ್ಡಡ್ಡ ಮಲಗಿದವು. ನಾನು ಹೌದದ ಬಿರಡೆ ಎಳೆದೆ. ಗಟಾರ ತುಂಬಿ, ಓಣಿಯ ನಡುವೆ ಮೊಣಕಾಲ ಕೆಳಗಿನ ತನಕ ಅಲ್ಲದಿದ್ದರೂ ಪಾದ ಮುಳುಗುವಷ್ಟು ನೀರು ಹರಿಯಿತು. ಮಳೆಗಾಲ ಬಂದ ಹಾಗೆ ಒಂದು ಎಮ್ಮೆ ಅದರಲ್ಲಿ ನಿಂತು ಸುಖವಾಗಿ ಕಿವಿ ಅಲ್ಲಾಡಿಸಿತು. ನಾನು ಹೌದದೊಳಗೆ ಇಳಿದು, ತೆಂಗಿನ ನಾರಿನಿಂದ ಗೋಡೆ ತಿಕ್ಕಿದೆ, ಮೂಲೆ ತಿಕ್ಕಿದೆ, ಕೊನೆಗೆ ಉಳಿದ ಚೊಂಬು ನೀರಿನಲ್ಲಿ ತೊಳೆದು ಅದನ್ನೂ ಹೊರಗೆ ಹಾಕಿದೆ. ಹತ್ತಿ ಹೊರಗೆ ಬಂದು ನಳಕ್ಕೆ ಪೈಪು ಚುಚ್ಚಿದೆ. ಪೈಪಿನ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಗಾಳಿಯೂ ನಿಂತಿತು.

ಮುಖ್ಯ ಪೈಪು ಊರ ಹೊರಗೆಲ್ಲೋ ಒಡೆದಿತ್ತಂತೆ. ನೀರು ಬಿಡುವವನು ಸೈಕಲ್ಲಿನ ಮೇಲೆ ಬಂದು, ಇವತ್ತು ನಾಳೆ ನೀರಿನ ಮಾತೇ ಎತ್ತಬೇಡಿರೆಂದು ಹೇಳಿ, ಒದ್ದೆಯಾದ ಓಣಿಯನ್ನು ವಿಚಿತ್ರವಾಗಿ ನೋಡುತ್ತ ಹೋದ. ಇಡೀ ಓಣಿ ಖಾಲಿ ಕೊಡ ಹಿಡಿದು ನನ್ನ ಬಾಗಿಲ ಮುಂದೆ ನಿಂತಿತು. ಯಾರೂ ಬಾಯಿಗೆ ಬಂದ ಹಾಗೆ ಬೈಯಲಿಲ್ಲ, ಅಕ್ಕೋರಲ್ಲವೇ. ಎದುರು ಮನೆಯವಳು ಮಾತ್ರ, ಅನ್ನಕ್ಕೆ ಎಸರು ಇಡಬೇಕಿತ್ತು, ಎಮ್ಮೆ ನಿಂತಲ್ಲಿಂದ ತುಂಬಿಕೊಂಡು ಬರಲೇ ಎಂದು ಬಹಳ ವಿನಯದಿಂದ ನನ್ನ ಅಭಿಪ್ರಾಯ ಕೇಳಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಮನೆಯವರು ಪೇಪರು ಮಡಚಿಟ್ಟು ಎದ್ದರು. ಬೈದಿದ್ದರೆ ಜಗಳವಾದರೂ ಆಡಿ ಹಗುರಾಗುತ್ತಿದ್ದೆ. ಟ್ಯಾಂಕರಿನವನಿಗೆ ಫೋನು ಹಚ್ಚಿದರೆ ಅವನು ಶಿಗ್ಗಾಂವಿಯಲ್ಲಿ ಯಾರದೋ ಮದುವೆಗೆ ನೀರು ಹೊಡೆಯುತ್ತಿದ್ದ, ನಾಡಿದ್ದಿನ ತನಕ ಬಿಡುವಿಲ್ಲ. ಸ್ಕೂಟರಿನ ಹಿಂದೆ ಕ್ಯಾನು ಕಟ್ಟಿಕೊಂಡು ಹೋಗಿ, ಶುದ್ಧ ನೀರಿನ ಘಟಕದಿಂದ ಕುಡಿಯುವುದಕ್ಕೂ ಅಡಿಗೆಗೂ ಆಗುವಷ್ಟು ತಂದರು. ಅಲ್ಲಿಯೂ ಪಾಳಿ, ಮನೆಗೆ ಇಷ್ಟೇ ಎಂಬ ಕಟ್ಟು. ಆದರೆ ಕೈಕಾಲು ತೊಳೆಯುವುದಕ್ಕೆ? ಸ್ನಾನಕ್ಕೆ? ಮಗಳಿಗೆ ನಾಳೆ ಎಣ್ಣೆ ಹಚ್ಚಿ ಎರೆಯುವುದಕ್ಕೆ? ಬಚ್ಚಲಿಗೆ?

ಗೋಡೆಯಾಚೆಯಿಂದ ಆಪಾನ ದನಿ ಬಂತು. ಆಕೆಗೆ ಎಲ್ಲ ಕೇಳಿಸಿತ್ತು, ಕೇಳಿಸದಿರಲು ನಾನೇನು ಪಿಸುಗುಟ್ಟಿದ್ದೆನೇ?

"ಅಕ್ಕೋರ, ನವಾಬರ ಕಾಲದ ನೀರು ಐತಿ. ನಡೀತೈತೇನ್ರಿ?"

ನಾನು ಗೋಡೆಯ ಹತ್ತಿರ ಹೋಗಿ ಕೊಡ ಎತ್ತಿ ಕೊಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಎದುರು ಮನೆಯವಳಿಗೂ ಎಸರಿಗೆ ಅಲ್ಲಿಂದಲೇ ಸಿಕ್ಕಿತು. ಓಣಿಯ ತುಂಬ ಹಂಚಿ ಆಪಾ ನನಗೆ ಕೊಡಬಹುದಾಗಿದ್ದುದು ಕೆಲವೇ ಕೊಡ. ಬೀಗರ ಒಂದು ದಿನದ ಉಪಚಾರ ಹೇಗೋ ಆಗುತ್ತಿತ್ತು. ಹೌದ ತುಂಬಿ ತುಳುಕುತ್ತದೆ ಎಂದು ನಾನು ಆಡಿದ ಮಾತು ಮಾತ್ರ ಅಷ್ಟರಲ್ಲಿ ತುಂಬುವ ಹಾಗಿರಲಿಲ್ಲ.

ಸೋಲು ಒಪ್ಪಿಕೊಳ್ಳುವ ಬುದ್ಧಿ ಆಗಲಾದರೂ ಬರಬೇಕಿತ್ತು. ಬರಲಿಲ್ಲ. ಅದರ ಬದಲು ನನ್ನ ಮೂವತ್ತು ವರ್ಷದ ಶಿಕ್ಷಣ ಅನುಭವವೆಲ್ಲ ಸೇರಿ ಒಂದು ಉಪಾಯ ಹೊಳೆಯಿತು. ಹೌದಕ್ಕೆ ತಗಡಿನ ಮುಚ್ಚಳ ಹಾಕಿ, ಅದರ ಮೇಲೆ ಅಕ್ಕಿಯ ಚೀಲ ಹೇರಿಸಿದೆ, ಯಾರೂ ಎತ್ತಿ ನೋಡಬಾರದು. ಬಚ್ಚಲ ಬಾಗಿಲಿನ ದೊಡ್ಡ ತಾಮ್ರದ ಹಂಡೆ ಬೀಗತಿಯ ಕಣ್ಣಿಗೆ ಬೀಳದೆ ಇರುವುದಿಲ್ಲ. ಹಿಟ್ಟು ನಾದುವ ಪರಾತವೊಂದು ಅದರ ಬಾಯೊಳಗೆ ಸರಿಯಾಗಿ ಕೂರುತ್ತಿತ್ತು. ಪರಾತವನ್ನು ಇಳಿಸಿ, ಅದರ ತುಂಬ ನೀರು ಹೊಯ್ದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ, ಆಹಾ, ಹಂಡೆ ಕಂಠಮಟ್ಟ ತುಂಬಿದೆ! ಮೇಲೊಂದು ಮಲ್ಲಿಗೆ ಹೂವನ್ನೂ ತೇಲಿಬಿಟ್ಟೆ. ಮನೆಯವರು ಅದನ್ನು ನೋಡಿ, ನನ್ನನ್ನು ನೋಡಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಮಧ್ಯಾಹ್ನ ಬೀಗರು ಬಂದರು. ಅಳಿಯ ಚೀಲ ಇಳಿಸಿದ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮುಖ ತುಂಬಿಕೊಂಡು ಇಳಿದಳು. ನನ್ನ ಕೂಸನ್ನು ನೋಡಿ ನನಗೆ ಹಂಡೆ, ಹೌದ ಎಲ್ಲ ಮರೆತುಹೋಯಿತು. ಅವಳ ಕೆನ್ನೆ ನೇವರಿಸುತ್ತ ನಿಂತುಬಿಟ್ಟೆ. ಬಂದವರಿಗೆ ಕಾಲಿಗೆ ನೀರು ಕೊಡುವ ಸಲುವಾಗಿ ಮುಂಬಾಗಿಲಿನಲ್ಲಿ ಒಂದು ಬಕೀಟು ತುಂಬಿಟ್ಟಿದ್ದೆ. ಗಂಡಸರು ಅಲ್ಲಿ ತೊಳೆದುಕೊಂಡರು. ಆದರೆ ಬೀಗತಿ ಹೊಲ ಮನೆಯ ಹೆಂಗಸು, ನೇರ ಹಿತ್ತಲಿಗೆ ನಡೆದರು. ನಾನು ಓಡಿ ಅಡ್ಡಗಟ್ಟುವಷ್ಟರಲ್ಲಿ ಬಚ್ಚಲ ಬಾಗಿಲಿಗೆ ಹೋಗಿ, ತಂಬಿಗೆ ಎತ್ತಿಕೊಂಡು, ಹಂಡೆಯೊಳಗೆ ಅದ್ದಿದರು.

ಠಣ್ಣೆಂದಿತು.

ತುಂಬಿದ ಹಂಡೆಗೆ ತಂಬಿಗೆ ಅದ್ದಿದರೆ ಬುಳುಕ್ ಎನ್ನಬೇಕು. ನನ್ನ ಹಂಡೆ ಗುಡಿಯ ಗಂಟೆಯ ಹಾಗೆ ಬಾರಿಸಿತು. ಪರಾತ ಒಂದು ಕಡೆ ಎದ್ದು, ಮಲ್ಲಿಗೆ ಹೂವಿನ ಸಮೇತ ಇದ್ದ ಬದ್ದ ನೀರು ಹಂಡೆಯ ತಳಕ್ಕೆ ಸುರಿಯಿತು. ಬೀಗತಿ ಬಗ್ಗಿ ಒಳಗೆ ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು. ಮಗಳು ಅವರ ಹಿಂದೆ ಬಂದು ನಿಂತಿದ್ದಳು. ಹೌದದ ಮೇಲಿನ ಅಕ್ಕಿ ಚೀಲವನ್ನೂ ಅವಳು ನೋಡಿದಳು. ನನ್ನ ಹೊಟ್ಟೆಯಿಂದ ಬಂದವಳು, ಅವಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಬೀಗತಿ ತಂಬಿಗೆಯಲ್ಲಿ ಬಂದಿದ್ದ ಗುಟುಕು ನೀರಿನಲ್ಲಿ ಎರಡೂ ಪಾದ ತೊಳೆದುಕೊಂಡರು. ನನಗಾದರೆ ಅಷ್ಟರಲ್ಲಿ ಹೆಬ್ಬೆರಳೂ ನೆನೆಯುತ್ತಿರಲಿಲ್ಲ.

ಮರುದಿನ ಕುಬಸವಾಯಿತು. ಚೆನ್ನಾಗಿಯೇ ಆಯಿತು, ಬೀಗತಿ ಇದ್ದುದರಿಂದ ಆಯಿತು. ಸೆರಗು ಸಿಕ್ಕಿಸಿಕೊಂಡು ನೀರಿನ ಉಸ್ತುವಾರಿ ತಾವೇ ವಹಿಸಿಕೊಂಡರು. ತಾಟು ಬೇಡ ಎಂದು ಬಾಳೆ ಎಲೆ ತರಿಸಿದರು. ಅಕ್ಕಿ ತೊಳೆದ ನೀರಿನಲ್ಲಿ ಕಾಯಿಪಲ್ಲೆ, ಕಾಯಿಪಲ್ಲೆ ತೊಳೆದ ನೀರಿನಲ್ಲಿ ಬಚ್ಚಲು, ಹೀಗೆ ಆಪಾನ ಒಂದೊಂದು ಕೊಡವನ್ನೂ ಎರಡೆರಡು ಸಲ ದುಡಿಸಿದರು. ಮಗಳಿಗೆ ಎರೆಯುವುದಕ್ಕೆ ಮಾತ್ರ ಎರಡು ಕೊಡ ಮೊದಲೇ ತೆಗೆದಿಟ್ಟಿದ್ದರು. ಹಸಿರು ಸೀರೆಯಲ್ಲಿ ಕೂತ ಮಗಳಿಗೆ ಓಣಿಯ ಹೆಂಗಸರೆಲ್ಲ ಬಂದು ಉಡಿ ತುಂಬಿದರು. ನನ್ನನ್ನು ನೋಡಿದಾಗಲೆಲ್ಲ ಅವರ ಬಾಯಿ ಓರೆಯಾಗುತ್ತಿತ್ತು, ಆದರೂ ಹಾಡಿಗೆ ದನಿ ಕೂಡಿಸಿದರು.

ಸಂಜೆ ಬಂದವರೆಲ್ಲ ಹೋದ ಮೇಲೆ ಹಿತ್ತಲಿನಲ್ಲಿ ನಾವು ಮೂವರೇ ಕೂತಿದ್ದೆವು. ಬೀಗತಿ ಮಗಳನ್ನು ಬಿಟ್ಟು ಹೋಗುತ್ತಾರೋ ಕರೆದುಕೊಂಡು ಹೋಗುತ್ತಾರೋ ಗೊತ್ತಿರಲಿಲ್ಲ. ಅವರು ಏನಾದರೂ ಅಂದರೆ ಹೇಳಬೇಕೆಂದು ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಪೈಪು ಒಡೆದದ್ದು ನನ್ನ ತಪ್ಪೇ? ಹೆಣ್ಣು ಹೆತ್ತವಳಿಗೆ ಅಷ್ಟೂ ಹಕ್ಕಿಲ್ಲವೇ? ಆದರೆ ಬೀಗತಿ ತೀರ್ಪು ಕೊಡಲೇ ಇಲ್ಲ. ಹೆರುವಾಕಿ ಅವಳು, ಅವಳಿಗೆ ಎಲ್ಲಿ ಮನಸ್ಸೋ ಅಲ್ಲಿ ಇರಲಿ ಎಂದು ಮಗಳ ಕಡೆ ತಿರುಗಿದರು. ನಾನು ಗೆದ್ದೆ ಎಂದುಕೊಂಡೆ. ಯಾವ ಮಗಳು ತವರು ಬೇಡ ಅನ್ನುತ್ತಾಳೆ?

ಮಗಳು ಬಳೆಗಳನ್ನು ಮೇಲೆ ಕೆಳಗೆ ಸರಿಸಿದಳು.

"ನಾ ಚಿಕ್ಕೇರೂರಾಗ ಇರ್ತೇನಬೇ ಅವ್ವಾ."

ಯಾಕ ಎಂದೆ.

"ನೀ ಚೆಲ್ಲಿದ ನೀರು ಹೊಳ್ಳಿ ತುಂಬಿದಾಕಿ ನಾನ ಅಲ್ಲೇನವಾ. ಈಗ ನೀ ಚೆಲ್ಲಿದ್ರ ನಾ ಎದ್ದು ಹೋಗಿ ತರಾಕ ಬರೂದಿಲ್ಲ. ನೀನ ಹೊರಬೇಕು. ಹಾಸಿಗ್ಯಾಗ ಮಲಗಿ ಅದನ್ನ ನೋಡಾಕ ನನ್ನ ಕೈಲೆ ಆಗೂದಿಲ್ಲ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹಳೇ ನೀರು ಚೆಲ್ಲಿದ ದಿನ ನಳ ಬೇಗ ನಿಂತುಬಿಟ್ಟರೆ, ಕೊರತೆ ಬಿದ್ದದ್ದನ್ನು ಓಣಿಯ ತುದಿಯಲ್ಲಿ ಆಗ ಇನ್ನೂ ಬತ್ತಿರದ ಕೈಪಂಪಿನಿಂದ ತರುತ್ತಿದ್ದವಳು ಅವಳೇ. ಶಾಲೆಗೆ ಹೋಗುವ ಮೊದಲು, ಎರಡು ಜಡೆ ಹಾಕಿಕೊಂಡು, ಟೊಂಕದ ಮೇಲೊಂದು ಕೊಡ ಕೈಯಲ್ಲೊಂದು ಬಕೀಟು. ನನ್ನ ಮಗಳ ಟೊಂಕ ಎಷ್ಟು ಗಟ್ಟಿ ನೋಡಿರೆಂದು ನಾನು ಓಣಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಆಮೇಲೆ ಬ್ಯಾಗು ಹಿಡಿದು, ಬೇರೆಯವರ ಮಕ್ಕಳಿಗೆ ನೀರಿನ ಮಹತ್ವ ಹೇಳಿಕೊಡಲು ಹೋಗುತ್ತಿದ್ದೆ.

ಮರುದಿನ ಬೆಳಿಗ್ಗೆ ಅವರು ಹೊರಟರು. ಬಿಟ್ಟು ಹೋಗಬೇಕಿದ್ದ ಮಗಳನ್ನು ಕರೆದುಕೊಂಡೇ ಹೊರಟರು. ಗಾಡಿ ಓಣಿಯ ತಿರುವು ದಾಟಿದ ಮೇಲೆ ನಾನು ಹಿಂದಿನ ಕೋಣೆಗೆ ಹೋಗಿ, ಸುಣ್ಣದ ವಾಸನೆಯ ನಡುವೆ ಮಂಚದ ಮೇಲೆ ಕೂತು ಮನಸ್ಸು ತಣಿಯುವಷ್ಟು ಅತ್ತೆ. ಅದೇ ಹೊತ್ತಿಗೆ ಅಂಗಳದಲ್ಲಿ ನಳ ಧೋ ಎಂದು ಸುರಿಯತೊಡಗಿತು, ಮಹಾರಾಯ. ಓಣಿಗೆ ಕೂಗಿ ಹೇಳುವ ಧೈರ್ಯ ನನಗಾಗಲಿಲ್ಲ. ಮನೆಯವರೇ ಎದ್ದು ಹೋಗಿ ಪೈಪು ಚುಚ್ಚಿದರು. ಪಾಪ, ಹೌದದ ಮೇಲಿದ್ದ ಅಕ್ಕಿ ಚೀಲವನ್ನೂ ಒಬ್ಬರೇ ಇಳಿಸಿದರು.

ಹೆರಿಗೆಯಾದ ಸುದ್ದಿ ಬಂತು, ಹೆಣ್ಣು ಕೂಸು. ಜೊತೆಗೆ ಬೀಗತಿಯ ಇನ್ನೊಂದು ಮಾತೂ ಬಂತು. ಬಾಣಂತಿಗೆ ತಾಯಿಯ ಕೈ ಬೇಕು, ನೀವೇ ಬಂದು ಇಲ್ಲಿ ಇರಬೇಕು ಎಂದು. ಬೀಗರ ಮನೆಯಲ್ಲಿ ಹೋಗಿ ಕೂತು ಬಾಣಂತನ ಮಾಡುವುದನ್ನು ನಮ್ಮ ಕಡೆ ಯಾರೂ ಕೇಳಿಲ್ಲ. ಮಗಳ ಮನೆಯಲ್ಲಿ ನೀರು ಕುಡಿಯಲೂ ಹಿಂದೆ ಮುಂದೆ ನೋಡುತ್ತಿದ್ದ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು. ಒಂದು ದಿನ ಬಿಗುಮಾನದಿಂದ ಕೂತೆ. ಎರಡನೆಯ ದಿನ ಕೂಸಿನ ಅರಿವೆಗಳನ್ನೆಲ್ಲ ಚೀಲಕ್ಕೆ ತುರುಕಿ ಚಿಕ್ಕೇರೂರಿನ ಬಸ್ಸು ಹತ್ತಿದೆ.

ಆ ಮನೆಯಲ್ಲಿ ನೀರಿಗೂ ಒಂದು ಸಂಸಾರವಿದೆ. ಮಾಳಿಗೆಯ ಮೇಲೆ ಬಿದ್ದ ಮಳೆ ನೆಲದೊಳಗಿನ ತೊಟ್ಟಿಗೆ ಇಳಿಯುತ್ತದೆ. ಪಾತ್ರೆ ತೊಳೆದದ್ದು ಬಾಳೆಗೆ, ಅಕ್ಕಿ ತೊಳೆದದ್ದು ಎಮ್ಮೆಗೆ. ಸ್ನಾನಕ್ಕೆ ಎಲ್ಲರಿಗೂ ಒಂದೊಂದೇ ಬಕೀಟು, ಮನೆಯ ಯಜಮಾನರಿಗೂ ಅಷ್ಟೇ, ನನಗೂ ಅಷ್ಟೇ. ಮೊದಲ ದಿನ ನಾನು ಸೋಪು ಹಚ್ಚಿಕೊಂಡು ನೋಡುತ್ತೇನೆ, ಬಕೀಟು ಬರಿದು. ಕೂಗಿ ಕೇಳಲು ಮಾನ ಅಡ್ಡ ಬಂತು. ಟವೆಲಿನಿಂದಲೇ ಸೋಪು ಒರೆಸಿಕೊಂಡು ಬಂದು, ಇಡೀ ದಿನ ಯಾರಿಗೂ ಕಾಣದ ಹಾಗೆ ಬೆನ್ನು ತುರಿಸಿಕೊಂಡೆ.

ಆ ದಿನವೇ ಕೂಸಿಗೆ ನಾನು ಎರೆಯಬೇಕಿತ್ತು. ಹಿತ್ತಲ ಬಚ್ಚಲಿನಲ್ಲಿ ಹಂಡೆಯ ನೀರು ಕಾದಿತ್ತು. ಮಣೆಯ ಮೇಲೆ ಕೂತು, ಕಾಲು ಚಾಚಿ, ಎಣ್ಣೆ ಹಚ್ಚಿದ ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡೆ. ಅಂಗೈಯಷ್ಟು ಬೆನ್ನು, ಮುದುಡಿದ ಬೆರಳು. ಬೀಗತಿ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದರು. ಎಂದೂ ನೀರಿಗೆ ಹೆದರದ ನಾನು ತಂಬಿಗೆಗಳನ್ನು ಲೆಕ್ಕ ಹಾಕತೊಡಗಿದೆ. ಒಂದು ತಂಬಿಗೆ ಹಾಕಿದೆ, ಎರಡನೆಯದನ್ನು ಅರ್ಧ ತುಂಬಿ ಹಾಕಿದೆ. ಕಡಲೆ ಹಿಟ್ಟು ಇನ್ನೂ ಕೂಸಿನ ಕುತ್ತಿಗೆಯಲ್ಲೇ ಇತ್ತು. ತಂಬಿಗೆ ಕೆಳಗಿಟ್ಟೆ. ಮೈಗೆ ಗಾಳಿ ತಾಕಿ ಕೂಸು ಚಿಟ್ಟನೆ ಚೀರಿತು.

ಯಾಕೆ ನಿಲ್ಲಿಸಿದಿರಿ ಎಂದು ಬೀಗತಿ ಕೇಳಿದರು. ಸಾಕು, ನೀರು ಉಳಿಯಲಿ ಎಂದೆ. ನನ್ನ ಬಾಯಿಂದ ಆ ಮಾತು ಹೊರಬಿದ್ದದ್ದು ಅದೇ ಮೊದಲು.

ಅವರು ಒಳಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ತಂಬಿಗೆಯನ್ನು ಹಂಡೆಯೊಳಗೆ ಪೂರಾ ಮುಳುಗಿಸಿ, ತುಳುಕುವ ಹಾಗೆ ತುಂಬಿ ನನ್ನ ಕೈಗಿಟ್ಟರು.

"ಸುರೀರಿ ಬೀಗರ, ಕೈ ಹಿಡೀಬ್ಯಾಡ್ರಿ. ಇದಕ್ಕಂತನ ಅಲ್ಲೇನ್ರಿ ಇಷ್ಟು ದಿನ ಉಳಿಸಿದ್ದು."

ನಾನು ಸುರಿದೆ. ಕೂಸು ಅಳು ನಿಲ್ಲಿಸಿ, ಬಿಸಿ ನೀರಿನಲ್ಲಿ ಮೈ ಸಡಿಲು ಬಿಟ್ಟು, ನನ್ನ ಕಾಲಿನ ಮೇಲೆ ಕಣ್ಣು ಮುಚ್ಚಿತು. ಅಳುತ್ತಿದ್ದವಳು ನಾನು. ಬೀಗತಿ ಅದನ್ನು ನೋಡಿಯೂ ನೋಡದವರ ಹಾಗೆ ಇನ್ನೊಂದು ತಂಬಿಗೆ ತುಂಬಿ ಕೊಟ್ಟರು.